ಹಿರೀಕರ ಹುಡುಕಾಟಕ್ಕೆ ಯಾವ ದಾರಿ?

ಕೋಲಾರದ ಚಿನ್ನದ ಗಣಿಗೆ 1880ರಿಂದೀಚೆಗೆ ಎರಡು ಬಗೆಯ ಜನ ಬಂದು ಸೇರಿದರು. ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ತವರದ ಗಣಿಗಳಲ್ಲಿ ಪಳಗಿದವರು ಮೇಲ್ವಿಚಾರಕರಾಗಿ ಬಂದರು. ಉತ್ತರ ಆರ್ಕಾಟು, ಚಿತ್ತೂರು, ಸೇಲಂ ಕಡೆಯ ಹಳ್ಳಿಗಳಿಂದ, ಹೆಚ್ಚಾಗಿ ದಲಿತ ಕೇರಿಗಳಿಂದ, ಕೂಲಿಗಳು ಬಂದರು. ಇಬ್ಬರೂ ಇಳಿದದ್ದು ಒಂದೇ ಗಣಿಗೆ. ಈಗ ಇಬ್ಬರ ಮರಿಮಕ್ಕಳೂ ತಮ್ಮ ಹಿರೀಕರನ್ನು ಅಂತರ್ಜಾಲದಲ್ಲಿ ಹುಡುಕಲು ಕೂತರೆ ಆಗುವುದೇನು? ಕಾರ್ನ್‌ವಾಲಿನವನ ಮಕ್ಕಳ ಜ್ಞಾನಸ್ನಾನ, ಅವನ ಮದುವೆ, ಅವನನ್ನು ಮಣ್ಣು ಮಾಡಿದ ದಿನ ಚರ್ಚಿನ ಪುಸ್ತಕದಲ್ಲಿ ದಾಖಲಾಗಿ, ಅದರ ನಕಲು ಮದ್ರಾಸಿನ ಮೂಲಕ ಲಂಡನ್ನಿಗೆ ಹೋಗಿ, ಇಂಡಿಯಾ ಆಫೀಸ್ ಕಡತಗಳೊಂದಿಗೆ ಬ್ರಿಟಿಷ್ ಲೈಬ್ರರಿ ಸೇರಿ, ಇವತ್ತು ‘ಫೈಂಡ್‌ಮೈಪಾಸ್ಟ್’ ತಾಣದಲ್ಲಿ ಮೂಲ ಪುಟದ ಚಿತ್ರಸಮೇತ ಸಿಗುವ ಸಾಧ್ಯತೆ ಚೆನ್ನಾಗಿಯೇ ಇದೆ. ಕೂಲಿಯವನ ಹೆಸರು ಹಾಕಿ ಹುಡುಕಿದರೆ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ. ಇದರಲ್ಲಿ ತಂತ್ರಜ್ಞಾನದ ತಪ್ಪಿಲ್ಲ. ಆ ಕಾಲದಲ್ಲಿ ಒಬ್ಬನ ಹುಟ್ಟುಸಾವನ್ನು ಬರೆದಿಡುವವರಿದ್ದರು, ಇನ್ನೊಬ್ಬನದನ್ನು ಬರೆದಿಡಬೇಕೆಂದು ಯಾರಿಗೂ ಅನ್ನಿಸಲಿಲ್ಲ.

ವಂಶಾವಳಿ ಹುಡುಕಲು ಯಾವ ತಾಣ ಒಳ್ಳೆಯದು ಎಂಬ ಪ್ರಶ್ನೆಗೆ ಕೋಟಿಗಟ್ಟಲೆ ದಾಖಲೆಗಳ ಲೆಕ್ಕ ಕೊಟ್ಟು ಉತ್ತರಿಸುವ ರೂಢಿ ಬೆಳೆದಿದೆ. ಆ ಲೆಕ್ಕ ನಮಗೆ ಹೆಚ್ಚೇನೂ ಹೇಳುವುದಿಲ್ಲ. ತಾಣಗಳನ್ನು ಹೋಲಿಸುವ ಮೊದಲು ಕೇಳಬೇಕಾದದ್ದು ಬೇರೆ: ಅಲ್ಲಿರುವ ಕಾಗದವನ್ನು ಬರೆದವರು ಯಾರು, ಯಾತಕ್ಕಾಗಿ ಬರೆದರು, ಅದರಲ್ಲಿ ನಮ್ಮಂಥವರ ಹೆಸರು ಬರುವ ಸಂಭವವಾದರೂ ಇತ್ತೇ? ಇದರ ಜೊತೆಗೆ ಇನ್ನೊಂದು ಎಚ್ಚರವೂ ಬೇಕು. ತೀರಿಕೊಂಡವರನ್ನು ಹುಡುಕುವ ಸಾಧನಗಳಿಗೂ ಬದುಕಿರುವವರನ್ನು ಹುಡುಕುವ ಸಾಧನಗಳಿಗೂ ಒಂದೇ ಅಳತೆಗೋಲು ಸಲ್ಲದು. ಮೊದಲನೆಯವು ಎಷ್ಟು ತೆರೆದುಕೊಂಡರೆ ಅಷ್ಟು ಒಳ್ಳೆಯದು. ಎರಡನೆಯವಕ್ಕೆ ಕಡಿವಾಣ ಇರಲೇಬೇಕು. ಈ ಎರಡನ್ನೂ ಒಂದೇ ಗಂಟು ಕಟ್ಟಿ ಮಾರುವುದು ಈ ಉದ್ಯಮದ ದೊಡ್ಡ ದೋಷ.

ದೊಡ್ಡ ತಾಣಗಳಿಂದಲೇ ಶುರುಮಾಡೋಣ. ‘ಆ್ಯನ್ಸೆಸ್ಟ್ರಿ’ ಅಮೆರಿಕದ ಯೂಟಾ ರಾಜ್ಯದ ಕಂಪನಿ. 2020ರಲ್ಲಿ ಬ್ಲ್ಯಾಕ್‌ಸ್ಟೋನ್ ಎಂಬ ಹೂಡಿಕೆ ಸಂಸ್ಥೆ ಇದನ್ನು 470 ಕೋಟಿ ಡಾಲರಿಗೆ ಕೊಂಡುಕೊಂಡಿತು. ಅಮೆರಿಕ, ಬ್ರಿಟನ್, ಐರ್ಲೆಂಡ್ ಮೂಲದವರಿಗೆ ಇದಕ್ಕಿಂತ ದೊಡ್ಡ ಭಂಡಾರ ಸಿಗುವುದು ಕಷ್ಟ. ಅದಕ್ಕೆ ಕಾರಣ ಆ ದೇಶಗಳ ಕಾಗದ. ಇಂಗ್ಲೆಂಡಿನಲ್ಲಿ ಸರ್ಕಾರವೇ ಜನನ, ಮರಣ, ಮದುವೆಗಳನ್ನು 1837ರಿಂದ ನೋಂದಾಯಿಸುತ್ತಿದೆ. ಅಮೆರಿಕದಲ್ಲಿ ಜನಗಣತಿಯ ಮನೆಮನೆ ಪಟ್ಟಿ 72 ವರ್ಷ ಕಳೆದ ಮೇಲೆ ಸಾರ್ವಜನಿಕರಿಗೆ ತೆರೆದುಕೊಳ್ಳುತ್ತದೆ. 1950ರ ಪಟ್ಟಿ 2022ರ ಏಪ್ರಿಲ್ 1ರಂದು ಹೊರಬಂತು. ನಮ್ಮಲ್ಲಿ 1948ರ ಜನಗಣತಿ ಕಾಯ್ದೆಯ ಪ್ರಕಾರ ಒಬ್ಬೊಬ್ಬರ ವಿವರ ಗೋಪ್ಯ, ಅದಕ್ಕೆ ಕಾಲಮಿತಿಯೂ ಇಲ್ಲ. ಜನನ ಮರಣ ನೋಂದಣಿಗೆ ದೇಶಕ್ಕೆಲ್ಲ ಒಂದೇ ಕಾಯ್ದೆ ಬಂದದ್ದು 1969ರಲ್ಲಿ. ಹೀಗಿರುವಾಗ ಧಾರವಾಡದ ಅಥವಾ ಮಂಡ್ಯದ ರೈತನ ಮನೆಯವರು ವರ್ಷದ ಚಂದಾ ಕಟ್ಟಿ ಆ್ಯನ್ಸೆಸ್ಟ್ರಿ ಸೇರಿದರೆ ಸಿಗುವುದು ಅಂದವಾದ ಖಾಲಿ ಮರ. ಅದನ್ನು ತಾವೇ ತುಂಬಬೇಕು.

‘ಫ್ಯಾಮಿಲಿಸರ್ಚ್’ ಕಥೆ ಬೇರೆ. ಇದನ್ನು ನಡೆಸುವುದು ಮಾರ್ಮನ್ ಪಂಥ ಎಂದು ಹೆಸರಾದ ಕ್ರೈಸ್ತ ಸಂಸ್ಥೆ. ತೀರಿಹೋದ ಹಿರಿಯರ ಹೆಸರಿನಲ್ಲಿ ಸಂಸ್ಕಾರ ಮಾಡಿಸುವುದು ಅವರ ನಂಬಿಕೆಯ ಭಾಗ. ಅದಕ್ಕಾಗಿ 1894ರಿಂದಲೂ ಜಗತ್ತಿನ ವಂಶ ದಾಖಲೆಗಳನ್ನು ಕೂಡಿಹಾಕುತ್ತ ಬಂದಿದ್ದಾರೆ. ಆ ಉದ್ದೇಶವನ್ನು ತಿಳಿದುಕೊಂಡೇ ಬಳಸಬೇಕು. ಬಳಸಲು ಕಾಸು ಬೇಕಿಲ್ಲ. 24 ಲಕ್ಷ ಮೈಕ್ರೋಫಿಲ್ಮ್ ಸುರುಳಿಗಳ ಡಿಜಿಟಲೀಕರಣವನ್ನು ಅವರು 2021ರಲ್ಲಿ ಮುಗಿಸಿದರು. ಹರಿದ್ವಾರದಂಥ ಕ್ಷೇತ್ರಗಳ ಪಂಡರು ಯಾತ್ರಿಕರ ಮನೆತನಗಳ ವಿವರ ಬರೆದಿಟ್ಟುಕೊಂಡ ಬಹಿಗಳ ಚಿತ್ರಗಳೂ ಆ ಸಂಗ್ರಹದಲ್ಲಿವೆ. ಆದರೆ ಚಿತ್ರ ಇರುವುದು ಬೇರೆ, ಹುಡುಕಿದರೆ ಹೆಸರು ಸಿಗುವುದು ಬೇರೆ. ಬಹಿಯ ಲಿಪಿ ಓದಬಲ್ಲವರು ಪುಟಪುಟ ತಿರುವಬೇಕು. ಇಷ್ಟಾದರೂ, ಮೂಲ ಕಾಗದವನ್ನೇ ಕಣ್ಣಿಗೆ ತೋರಿಸುವ ಪುಕ್ಕಟೆ ತಾಣ ಎಂಬ ಕಾರಣಕ್ಕೆ ನನ್ನ ತೂಕದಲ್ಲಿ ಇದಕ್ಕೇ ಮೊದಲ ಸ್ಥಾನ. ಬ್ರಿಟಿಷ್ ಕಾಲದ ಭಾರತದಲ್ಲಿದ್ದ ಯೂರೋಪಿಯನ್ನರ ಮತ್ತು ಆಂಗ್ಲೋ ಇಂಡಿಯನ್ನರ ವಂಶ ಹುಡುಕುವವರು 1998ರಲ್ಲಿ ಶುರುವಾದ ‘ಫಿಬಿಸ್’ ಸಂಘದ ಪಟ್ಟಿಗಳನ್ನು ಮೊದಲು ನೋಡಬೇಕು. ಬೆಂಗಳೂರು ದಂಡು ಪ್ರದೇಶದ ಅಥವಾ ಕೋಲಾರದ ಗಣಿಯ ಹಳೆಯ ಆಂಗ್ಲೋ ಇಂಡಿಯನ್ ಮನೆತನಗಳಿಗೆ ಅದು ಬಹಳ ಉಪಯೋಗ.

ಕಾಗದ ಇದ್ದರೂ ನಮ್ಮ ಹೆಸರುಗಳು ಈ ಯಂತ್ರಗಳಿಗೆ ದಕ್ಕುವುದಿಲ್ಲ. ಉಚ್ಚಾರ ಒಂದೇ ಇದ್ದು ಕಾಗುಣಿತ ಬೇರೆಯಾದ ಹೆಸರುಗಳನ್ನು ಕೂಡಿಸಲು ‘ಸೌಂಡೆಕ್ಸ್’ ಎಂಬ ಹಳೆಯ ಸೂತ್ರವಿದೆ. ಅಮೆರಿಕದಲ್ಲಿ ಇದಕ್ಕೆ 1918ರಲ್ಲಿ ಪೇಟೆಂಟ್ ಸಿಕ್ಕಿತು. ಹೆಸರಿನ ಮೊದಲ ಇಂಗ್ಲಿಷ್ ಅಕ್ಷರವನ್ನು ಹಾಗೆಯೇ ಇಟ್ಟುಕೊಂಡು, ಉಳಿದ ವ್ಯಂಜನಗಳನ್ನು ಅಂಕಿಗಳಾಗಿಸುವುದು ಅದರ ಕ್ರಮ. ಬಿಜಾಪುರದ ಕಡೆಯ ಈರಪ್ಪನನ್ನು ತೆಗೆದುಕೊಳ್ಳಿ. ಊರಿನವರ ಬಾಯಲ್ಲಿ ಈರಪ್ಪ, ಶಾಲೆಯ ದಾಖಲೆಯಲ್ಲಿ ವೀರಪ್ಪ, ಆಸ್ತಿ ಪತ್ರದಲ್ಲಿ ಇರಪ್ಪ. ಇಂಗ್ಲಿಷಿನಲ್ಲಿ ಬರೆದಾಗ ಒಂದು ‘ಇ’ಯಿಂದ, ಇನ್ನೊಂದು ‘ವಿ’ಯಿಂದ, ಮತ್ತೊಂದು ‘ಐ’ಯಿಂದ ಶುರುವಾಗುತ್ತದೆ. ಮೂವರಿಗೂ ಅಂಕಿ 610 ಬಂದರೂ ಮೊದಲ ಅಕ್ಷರ ಬೇರೆಯಾದ ಕಾರಣ ಆ ಸೂತ್ರದ ಪಾಲಿಗೆ ಇವರು ಮೂರು ಬೇರೆ ಬೇರೆ ಜನ. ಎಲ್ಲಪ್ಪ ಮತ್ತು ಯಲ್ಲಪ್ಪನ ಪಾಡೂ ಇದೇ. ಇನ್ನು ಅಡ್ಡಹೆಸರಿನ ಕಾಲಂ. ಹಳೆ ಮೈಸೂರಿನವರ ಇನಿಷಿಯಲ್ಲುಗಳಲ್ಲಿ ಒಂದು ಊರಿನದು, ಒಂದು ತಂದೆಯದು. ತಲೆಮಾರಿನಿಂದ ತಲೆಮಾರಿಗೆ ಅವು ಬದಲಾಗುತ್ತವೆ. ತುಳುನಾಡಿನ ಅಳಿಯಸಂತಾನದ ಕುಟುಂಬಗಳಲ್ಲಿ ವಂಶ ನಡೆಯುವುದು ತಾಯಿಯ ಕಡೆಯಿಂದ. ಅಪ್ಪನ ಅಡ್ಡಹೆಸರೇ ಮಗನಿಗೂ ಎಂದು ನಂಬಿ ಕಟ್ಟಿದ ತಂತ್ರಾಂಶಕ್ಕೆ ಇವೆರಡೂ ಅರ್ಥವಾಗುವುದಿಲ್ಲ. ಒಕ್ಕದ ಹೆಸರನ್ನು ಬಿಡದೆ ಉಳಿಸಿಕೊಂಡು ಬಂದ ಕೊಡವರಿಗೆ ಈ ತಾಪತ್ರಯ ಕಡಿಮೆ.

ಹಾಗಾದರೆ ನಮ್ಮ ಹಿರೀಕರು ಎಲ್ಲೂ ಇಲ್ಲವೇ? ಇದ್ದಾರೆ, ಆದರೆ ವಂಶಾವಳಿ ಎಂಬ ಹಣೆಪಟ್ಟಿ ಇಲ್ಲದ ಕಡತಗಳಲ್ಲಿದ್ದಾರೆ. ಜಮೀನಿದ್ದ ಮನೆತನಗಳಿಗೆ ಕರ್ನಾಟಕದಲ್ಲಿ ಕಂದಾಯ ಇಲಾಖೆಗಿಂತ ಒಳ್ಳೆಯ ವಂಶ ಭಂಡಾರ ಇನ್ನೊಂದಿಲ್ಲ. 2000ದಲ್ಲಿ ಶುರುವಾದ ‘ಭೂಮಿ’ ಯೋಜನೆಯಿಂದ ಪಹಣಿಗಳು ಕಂಪ್ಯೂಟರಿಗೆ ಬಂದವು. ಊರು ಮತ್ತು ಸರ್ವೆ ನಂಬರ್ ಗೊತ್ತಿದ್ದರೆ ಯಾರು ಬೇಕಾದರೂ ನೋಡಬಹುದು. ಪಹಣಿಯ 9ನೇ ಕಾಲಂನಲ್ಲಿ ಮಾಲೀಕರ ಹೆಸರು, ಅದರ ಪಕ್ಕದಲ್ಲೇ ಆ ಹಕ್ಕು ಬಂದ ಬಗೆ ಮತ್ತು ಎಂ.ಆರ್. (ಮ್ಯುಟೇಶನ್ ರಿಜಿಸ್ಟರ್) ಸಂಖ್ಯೆ ಇರುತ್ತದೆ. ಹುಡುಕಾಟದ ಎಳೆ ಆ ಸಂಖ್ಯೆ. ಅದನ್ನು ಹಿಡಿದು ಮ್ಯುಟೇಶನ್ ವಹಿಗೆ ಹೋದರೆ, ಅದು ಪೌತಿ ಖಾತೆಯ ಬದಲಾವಣೆಯಾಗಿದ್ದ ಪಕ್ಷದಲ್ಲಿ, ಇಂಥವರು ಮರಣ ಹೊಂದಿದ್ದರಿಂದ ಅವರ ಹೆಂಡತಿ ಇಂಥವರು, ಮಕ್ಕಳು ಇಂಥಿಂಥವರು ಎಂಬ ವಿವರ ಸಿಗುತ್ತದೆ. ಪಾಲು ವಿಭಾಗದ ನಮೂದಾದರೆ ಅಣ್ಣತಮ್ಮಂದಿರ ಸಾಲು ಸಿಗುತ್ತದೆ. ಅಲ್ಲಿಂದ ಹಿಂದಿನ ಎಂ.ಆರ್. ಸಂಖ್ಯೆ ಹಿಡಿದು ಇನ್ನೂ ಹಿಂದಕ್ಕೆ ಹೋಗಬಹುದು. ಕಂಪ್ಯೂಟರೀಕರಣಕ್ಕೆ ಮೊದಲಿನ ವಹಿಗಳಿಗೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮೇ ಗತಿ. ಅಲ್ಲಿ ನಕಲಿಗೆ ಅರ್ಜಿ ಕೊಟ್ಟು ಕಾಯಬೇಕು. ಈ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ‘ಭೂ ಸುರಕ್ಷಾ’ ಕೆಲಸ ಈಗ ನಡೆದಿದೆ. ವಂಶ ಚರಿತ್ರೆಯ ದೃಷ್ಟಿಯಿಂದ ಯಾವ ವಿದೇಶಿ ತಾಣದ ಹೊಸ ಸವಲತ್ತಿಗಿಂತಲೂ ಇದು ನಮಗೆ ದೊಡ್ಡ ಸುದ್ದಿ.

ಇಲ್ಲಿ ಚರಿತ್ರೆಯ ಒಂದು ತೊಡಕನ್ನು ನೆನಪಿಡಬೇಕು. 1956ಕ್ಕೆ ಮೊದಲು ಕನ್ನಡ ನಾಡು ಮೈಸೂರು, ಮುಂಬಯಿ, ಮದ್ರಾಸು, ಹೈದರಾಬಾದು, ಕೊಡಗು ಎಂದು ಹರಿದು ಹಂಚಿಹೋಗಿತ್ತು. ಕಡತಗಳೂ ಹಾಗೆಯೇ ಹಂಚಿಹೋದವು. ಬೆಳಗಾವಿ, ಧಾರವಾಡದ ಹಳೆಯ ಕಾಗದಗಳಲ್ಲಿ ಮೋಡಿ ಲಿಪಿ ಎದುರಾಗುತ್ತದೆ. ಕಲಬುರಗಿ, ಬೀದರಿನ ಕಡೆ ಫಾರಸಿ, ಉರ್ದು ಎದುರಾಗುತ್ತವೆ. ಮೇಲ್ಮಟ್ಟದ ಆಡಳಿತದ ಕಡತಗಳು ಬೇಕಾದವರು ಬೆಂಗಳೂರಿನ ರಾಜ್ಯ ಪತ್ರಾಗಾರವನ್ನಷ್ಟೇ ನೋಡಿದರೆ ಸಾಲದು. ತಮ್ಮ ಊರು ಆಗ ಯಾರ ಆಡಳಿತದಲ್ಲಿತ್ತೋ ಅದಕ್ಕೆ ತಕ್ಕಂತೆ ಮುಂಬಯಿ, ಚೆನ್ನೈ, ಹೈದರಾಬಾದಿನ ಪತ್ರಾಗಾರಗಳ ಬಾಗಿಲನ್ನೂ ತಟ್ಟಬೇಕು. ರಾಷ್ಟ್ರೀಯ ಪತ್ರಾಗಾರದ ‘ಅಭಿಲೇಖ ಪಟಲ’ ತಾಣವನ್ನು ಮನೆಯಿಂದಲೇ ನೋಡಬಹುದು.

ಕಾಗದಕ್ಕಿಂತ ಹಳೆಯದಾದ ಇನ್ನೊಂದು ಭಂಡಾರ ನಮ್ಮಲ್ಲಿದೆ. ಹೆಳವರು ಎತ್ತು ಹೊಡೆದುಕೊಂಡು ಊರೂರು ತಿರುಗಿ, ಒಕ್ಕಲು ಮನೆಗಳ ಮುಂದೆ ನಿಂತು ಆ ಮನೆತನದ ಮೂಲ ಊರು, ಕುಲ, ಬೆಡಗು, ತಲೆಮಾರುಗಳ ಹೆಸರನ್ನು ಬಿಡದೆ ಹೇಳುತ್ತ ಬಂದವರು. ಇಂಥ ಮನೆಗಳು ಇಂಥ ಹೆಳವರಿಗೆ ಸೇರಿದವು ಎಂಬ ಕಟ್ಟು ಅವರಲ್ಲಿದೆ. ಕೆಲವು ವರ್ಷಕ್ಕೊಮ್ಮೆ ಬಂದಾಗ ಹೊಸದಾಗಿ ಹುಟ್ಟಿದವರ ಹೆಸರನ್ನು ಕೇಳಿ ಸೇರಿಸಿಕೊಳ್ಳುತ್ತಾರೆ. ಕಾಳುಕಡಿ, ದುಡ್ಡು ಪಡೆದು ಹೋಗುತ್ತಾರೆ. ಹಲವರ ಬಳಿ ಕೈಬರಹದ ಪುಸ್ತಕಗಳಿವೆ. ಬರ ಬಂದೋ, ದಂಡಿಗೆ ಹೆದರಿಯೋ ಊರು ಬಿಟ್ಟು ಬಂದ ಮನೆತನಕ್ಕೆ ತನ್ನ ಹಳೆಯ ಊರು ಯಾವುದೆಂದು ಹೇಳಬಲ್ಲವರು ಅವರು. ಸರ್ಕಾರದ ಕಾಗದದಲ್ಲಿ ಇದು ಸಿಗುವುದು ಅಪರೂಪ. ಅವರು ಹೇಳಿದ್ದೆಲ್ಲ ಸಾಕ್ಷ್ಯ ಎಂದು ನಾನು ವಾದಿಸುವುದಿಲ್ಲ. ಮನೆಯವರನ್ನು ಹೊಗಳಿ ದಾನ ಪಡೆಯುವ ವೃತ್ತಿಯಲ್ಲಿ ಮನೆತನದ ಕೀರ್ತಿ ಸ್ವಲ್ಪ ಉಬ್ಬುವುದು ಸಹಜ. ಆದರೆ ಅಂತರ್ಜಾಲದ ಮರಗಳಲ್ಲಿ ರಾಜರಿಗೂ ಋಷಿಗಳಿಗೂ ಗಂಟು ಹಾಕಿಕೊಳ್ಳುವ ಚಪಲ ಇದಕ್ಕಿಂತ ಏನು ಕಡಿಮೆ? ಹೆಳವರ ಮಾತನ್ನು ಪಹಣಿಯೊಂದಿಗೆ ತಾಳೆ ನೋಡಿದರೆ ಎರಡೂ ಗಟ್ಟಿಯಾಗುತ್ತವೆ.

ಈ ಎಲ್ಲ ಮೂಲಗಳಿಗೂ ಎರಡು ದೊಡ್ಡ ಕುರುಡುಗಳಿವೆ, ಅವನ್ನು ಮುಚ್ಚಿಡಬಾರದು. ಪಹಣಿ ಜಮೀನಿದ್ದವರ ಚರಿತ್ರೆ; ಜಮೀನಿಲ್ಲದವನು ಅದರಲ್ಲಿಲ್ಲ. ಹೆಳವರು ಬರುವುದು ದಾನ ಕೊಡಬಲ್ಲ ಮನೆಗೆ. ತಲೆಮಾರುಗಟ್ಟಲೆ ಇನ್ನೊಬ್ಬರ ಹೊಲದಲ್ಲಿ ದುಡಿದವರಿಗೆ ಉಳಿಯುವುದು ಶಾಲೆಯ ದಾಖಲಾತಿ ವಹಿ, ಮತದಾರರ ಪಟ್ಟಿ, ಮಿಷನ್ ಚರ್ಚುಗಳ ಪುಸ್ತಕ, ಗಿರಣಿ ಅಥವಾ ಗಣಿಯ ಕೂಲಿ ಲೆಕ್ಕ, ಮತ್ತು ಮನೆಯ ಮುದುಕರ ನೆನಪು. ಎರಡನೆಯದು ಹೆಂಗಸರ ಮಾತು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಡುವ ಕರ್ನಾಟಕದ ತಿದ್ದುಪಡಿ ಜಾರಿಗೆ ಬಂದದ್ದು 1994ರಲ್ಲಿ, ದೇಶಕ್ಕೆಲ್ಲ ಅದು ಬಂದದ್ದು 2005ರಲ್ಲಿ. ಅದಕ್ಕೆ ಮೊದಲಿನ ಪೌತಿ ನಮೂದುಗಳಲ್ಲಿ ಮಗಳ ಹೆಸರು ಹೆಚ್ಚಾಗಿ ಇರುವುದೇ ಇಲ್ಲ. ಮದುವೆಯಾಗಿ ಬಂದ ಸೊಸೆಯ ತವರಿನ ಹೆಸರನ್ನಂತೂ ಯಾವ ಗ್ರಾಮ ಲೆಕ್ಕಿಗನೂ ಬರೆದುಕೊಂಡಿಲ್ಲ. ಅಪ್ಪ, ಅಜ್ಜ, ಮುತ್ತಜ್ಜ ಎಂದು ಏಳು ತಲೆಮಾರು ಹೇಳುವ ಮನೆಗಳಲ್ಲಿ ಮುತ್ತಜ್ಜಿಯ ಹೆಸರು ಕೇಳಿದರೆ ಮೌನ. ಯಾವ ಸಾಧನ ಈ ಮೌನವನ್ನು ತುಂಬಲು ನೆರವಾಗುತ್ತದೆ ಎಂಬುದೂ ಹೋಲಿಕೆಯ ಒಂದು ಅಳತೆಯಾಗಬೇಕು.

ಸಿಕ್ಕಿದ್ದನ್ನು ಬರೆದಿಡುವ ತಾಣಗಳಲ್ಲಿ ಎರಡು ಬಗೆ. ‘ಜೆನಿ’, ‘ವಿಕಿಟ್ರೀ’, ಫ್ಯಾಮಿಲಿಸರ್ಚಿನ ಮರ ಇವೆಲ್ಲ ಲೋಕಕ್ಕೆಲ್ಲ ಒಂದೇ ಮರ ಎಂಬ ತತ್ವದವು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದಬಹುದು. ಆ್ಯನ್ಸೆಸ್ಟ್ರಿ, ‘ಮೈಹೆರಿಟೇಜ್’ಗಳಲ್ಲಿ ಪ್ರತಿ ಮನೆಯವರಿಗೂ ಅವರದೇ ಮರ, ಆದರೆ ಇನ್ನೊಬ್ಬರ ಮರದಿಂದ ಒಂದು ಕ್ಲಿಕ್ಕಿನಲ್ಲಿ ಕೊಂಬೆಗಳನ್ನು ನಕಲು ಮಾಡಿಕೊಳ್ಳಬಹುದು. ಒಬ್ಬರ ತಪ್ಪು ನೂರು ಮರಗಳಿಗೆ ಹರಡುವುದು ಈ ಹಾದಿಯಲ್ಲೇ. ನೂರು ಕಡೆ ಇದೆ ಎಂಬ ಕಾರಣಕ್ಕೆ ಅದನ್ನೇ ನಿಜ ಎನ್ನುವವರೂ ಇದ್ದಾರೆ. ವಿಕಿಟ್ರೀ ಪ್ರತಿ ಹೆಸರಿಗೂ ಆಧಾರ ಕೇಳುವುದರಿಂದ ಈ ಗುಂಪಿನಲ್ಲಿ ಅದೇ ಮೇಲು. ಆದರೂ ನನ್ನ ಸಲಹೆ: ಮೂಲ ಪ್ರತಿ ನಿಮ್ಮ ಮನೆಯ ಕಂಪ್ಯೂಟರಿನಲ್ಲೇ ಇರಲಿ. ‘ಗ್ರ್ಯಾಂಪ್ಸ್’ ಎಂಬ ಉಚಿತ ತಂತ್ರಾಂಶವಿದೆ. ಕನ್ನಡದಲ್ಲೇ ಹೆಸರು ಬರೆಯಬಹುದು, ‘ಗೆಡ್‌ಕಾಮ್’ ಕಡತವಾಗಿ ತೆಗೆದಿಟ್ಟುಕೊಂಡರೆ ಮುಂದೆ ಬೇರೆ ತಾಣಕ್ಕೂ ಒಯ್ಯಬಹುದು. ಕಂಪನಿಗಳು ಕೈಬದಲಾಗುತ್ತವೆ. ಜೆನಿ 2012ರಲ್ಲಿ ಮೈಹೆರಿಟೇಜಿನ ಪಾಲಾಯಿತು. ಮೈಹೆರಿಟೇಜಿನಿಂದ 9 ಕೋಟಿ 20 ಲಕ್ಷಕ್ಕೂ ಹೆಚ್ಚು ಖಾತೆಗಳ ಇಮೇಲ್ ವಿಳಾಸ ಸೋರಿದ್ದು 2018ರಲ್ಲಿ ಬಯಲಾಯಿತು.

ಡಿಎನ್‌ಎ ಪರೀಕ್ಷೆಯ ಜಾಹೀರಾತುಗಳಿಗೆ ಮರುಳಾಗುವ ಮೊದಲು ಎರಡು ಸಂಗತಿ ತಿಳಿದಿರಲಿ. ಪರೀಕ್ಷೆ ನಿಮಗೆ ನೆಂಟರನ್ನು ತೋರಿಸಬೇಕಾದರೆ ಆ ನೆಂಟರೂ ಎಂಜಲು ಕಳಿಸಿರಬೇಕು. ಈ ಕಂಪನಿಗಳ ಗಿರಾಕಿಗಳು ಬಹುಪಾಲು ಅಮೆರಿಕ, ಯೂರೋಪಿನವರು. ಜೊತೆಗೆ ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವ, ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವ ಪದ್ಧತಿ ನಮ್ಮಲ್ಲಿ ತಲೆಮಾರುಗಳಿಂದ ಇದೆ. ಇಂಥ ಮನೆತನಗಳಲ್ಲಿ ದೂರದ ನೆಂಟರ ನಡುವೆಯೂ ಹಂಚಿಕೊಂಡ ಅಂಶ ಹೆಚ್ಚಿರುತ್ತದೆ. ಯಂತ್ರ ಅವರನ್ನು ಹತ್ತಿರದವರೆಂದು ತೋರಿಸಿಬಿಡುತ್ತದೆ. ಇದಕ್ಕಿಂತ ದೊಡ್ಡ ಚಿಂತೆ ಇನ್ನೊಂದು. ‘23ಆ್ಯಂಡ್‌ಮಿ’ ಕಂಪನಿಯಿಂದ 2023ರಲ್ಲಿ ಸುಮಾರು 69 ಲಕ್ಷ ಜನರ ವಿವರ ಕಳುವಾಯಿತು. 2025ರ ಮಾರ್ಚ್‌ನಲ್ಲಿ ಅದು ದಿವಾಳಿ ಅರ್ಜಿ ಹಾಕಿದಾಗ ಜನರ ವಂಶವಾಹಿ ಮಾಹಿತಿಯೂ ಮಾರಾಟದ ಆಸ್ತಿಗಳಲ್ಲಿ ಸೇರಿತು. ಕೊನೆಗೆ ಅದರ ಸಂಸ್ಥಾಪಕಿಯೇ ಕಟ್ಟಿದ ಲಾಭರಹಿತ ಸಂಸ್ಥೆ ಕೊಂಡುಕೊಂಡಿತು. ಹಾಗೇ ಆಗುತ್ತದೆಂಬ ಭರವಸೆಯೇನೂ ಇರಲಿಲ್ಲ. ಕ್ಯಾಲಿಫೋರ್ನಿಯಾದ ಸರಣಿ ಕೊಲೆಗಾರ ಜೋಸೆಫ್ ಡಿಏಂಜೆಲೊ 2018ರಲ್ಲಿ ಸಿಕ್ಕಿಬಿದ್ದದ್ದು ಅವನ ದೂರದ ನೆಂಟರು ‘ಜೆಡ್‌ಮ್ಯಾಚ್’ ತಾಣಕ್ಕೆ ಹಾಕಿದ್ದ ಮಾಹಿತಿಯಿಂದ. ಅಪರಾಧಿ ಸಿಕ್ಕಿದ್ದು ಒಳ್ಳೆಯದೇ. ಆದರೆ ಒಬ್ಬರು ಡಿಎನ್‌ಎ ಕೊಟ್ಟರೆ ಇಡೀ ಬಳಗದ ಗುಟ್ಟನ್ನು ಕೊಟ್ಟಂತೆ ಎಂಬುದೂ ಇದರಿಂದ ಸಾಬೀತಾಯಿತು.

ಇಲ್ಲಿಂದಲೇ ಬದುಕಿರುವವರ ಪ್ರಶ್ನೆ ಶುರುವಾಗುತ್ತದೆ. ಕಳೆದುಹೋದವರನ್ನು ಹುಡುಕುವುದು ಪುಣ್ಯದ ಕೆಲಸ. ಐದು ವರ್ಷದವನಿದ್ದಾಗ ರೈಲಿನಲ್ಲಿ ತಪ್ಪಿಸಿಕೊಂಡು ಕೊಲ್ಕತ್ತ ಸೇರಿ, ಆಸ್ಟ್ರೇಲಿಯಾಕ್ಕೆ ದತ್ತು ಹೋದ ಸರೂ ಬ್ರಿಯರ್ಲಿ, ಗೂಗಲ್ ಅರ್ತ್‌ನಲ್ಲಿ ರೈಲು ಹಳಿಗಳ ಜಾಡು ಹಿಡಿದು ಮಧ್ಯಪ್ರದೇಶದ ಖಂಡ್ವಾದಲ್ಲಿ ಹೆತ್ತ ತಾಯಿಯನ್ನು 2012ರಲ್ಲಿ ಕಂಡರು. 2013ರ ಉತ್ತರಾಖಂಡ ಪ್ರವಾಹದಲ್ಲಿ ಗೂಗಲ್‌ನ ‘ಪರ್ಸನ್ ಫೈಂಡರ್’ ಬಳಕೆಗೆ ಬಂತು. ಇಂಥ ಸಾಧನಗಳು ಬೇಕು. ಆದರೆ ಎಲ್ಲರೂ ಕಳೆದುಹೋದವರಲ್ಲ, ಕೆಲವರು ಬಿಟ್ಟುಹೋದವರು. ಜಾತಿ ಮೀರಿ ಮದುವೆಯಾಗಿ ಊರು ತೊರೆದ ಜೋಡಿ, ಹೊಡೆಯುವ ಗಂಡನಿಂದ ತಪ್ಪಿಸಿಕೊಂಡ ಹೆಂಗಸು, ಅವಮಾನದ ಜಾತಿಹೆಸರನ್ನು ಕಳಚಿ ನಗರದಲ್ಲಿ ಹೊಸ ಹೆಸರಿಟ್ಟುಕೊಂಡ ಮನೆಯವರು. ಇವರಿಗೆ ಸಿಗದಿರುವುದೇ ರಕ್ಷಣೆ. ಫೋಟೊ ಹಾಕಿದರೆ ಮುಖ ಗುರುತಿಸುವ ತಾಣ, ನಂಬರ್ ಹಾಕಿದರೆ ಹೆಸರು ಹೇಳುವ ಆ್ಯಪ್ ಇವರ ಪಾಲಿಗೆ ಬೆನ್ನಟ್ಟಿ ಬರುವ ಆಳು. ಅಮೆರಿಕದಲ್ಲಿ ನೆಲೆಸಿದ ನೆಂಟರು ಅಭಿಮಾನದಿಂದ ತೆರೆದಿಟ್ಟ ಮರವೊಂದು ಇಲ್ಲಿರುವ ಒಬ್ಬರ ಜಾತಿಯನ್ನೋ ವಿಳಾಸವನ್ನೋ ಊರಿಗೆಲ್ಲ ಸಾರಬಹುದು.

ಸರಿಯಾದ ನಡವಳಿಕೆ ಯಾವುದೆಂದು ತೋರಿಸುವ ಮಾದರಿಗಳು ನಮ್ಮ ಮುಂದಿವೆ. ಅಗಲಿದ ಕುಟುಂಬಗಳನ್ನು ಕೂಡಿಸುವ ರೆಡ್‌ಕ್ರಾಸ್ ಸಂಸ್ಥೆ, ಹುಡುಕುತ್ತಿದ್ದ ವ್ಯಕ್ತಿ ಸಿಕ್ಕಮೇಲೂ ಅವರನ್ನು ಕೇಳಿ, ಅವರು ಒಪ್ಪಿದರೆ ಮಾತ್ರ ವಿಳಾಸ ಕೊಡುತ್ತದೆ. ನಮ್ಮ ದೇಶದ ದತ್ತು ನಿಯಮಗಳು ದತ್ತು ಹೋದವರಿಗೆ ತಮ್ಮ ಮೂಲ ಹುಡುಕುವ ಹಕ್ಕು ಕೊಡುತ್ತವೆ. ಮೂರನೆಯವರು ಅವರ ಪರವಾಗಿ ಹುಡುಕಲು ಬಿಡುವುದಿಲ್ಲ. ಮತದಾರರ ಪಟ್ಟಿಯನ್ನು ಹುಡುಕಬಲ್ಲ ಪಠ್ಯರೂಪದಲ್ಲಿ ಕೊಡಬೇಕೆಂಬ ಕೋರಿಕೆಯನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಕಮಲ್ ನಾಥ್ ಪ್ರಕರಣದಲ್ಲಿ ಒಪ್ಪಲಿಲ್ಲ. ಪಟ್ಟಿ ಈಗಲೂ ಸಾರ್ವಜನಿಕ. ಮತಗಟ್ಟೆ ತಿಳಿದವರು ಪುಟ ತಿರುವಿ ನೋಡಬಹುದು. ಒಂದು ಹೆಸರು ಹಾಕಿ ಇಡೀ ರಾಜ್ಯವನ್ನು ಜಾಲಾಡಲಾಗದು. ವಂಶ ಹುಡುಕುವವರಿಗೆ ಇದರಿಂದ ಕಷ್ಟ ಹೆಚ್ಚಿತು, ನಿಜ. ಆ ಕಷ್ಟವನ್ನು ನಾವು ಸಹಿಸಬೇಕು. ಖಾಸಗಿತನ ಮೂಲಭೂತ ಹಕ್ಕು ಎಂಬ 2017ರ ತೀರ್ಪಿಗೆ ಕಾರಣವಾದ ಅರ್ಜಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರದು. ಆ ತೀರ್ಪಿನ ಬೆಲೆ ಕನ್ನಡಿಗರಿಗೆ ಬೇರೆಯಾಗಿ ಹೇಳಬೇಕಿಲ್ಲ.

ಹೀಗಾಗಿ ನನ್ನ ತೀರ್ಮಾನ ಇದು. ಮೂಲ ದಾಖಲೆ ನೋಡಲು ಫ್ಯಾಮಿಲಿಸರ್ಚ್. ಬ್ರಿಟಿಷ್ ಕಾಲದ ಕ್ರೈಸ್ತ ಮನೆತನಗಳಿಗೆ ಫಿಬಿಸ್, ಫೈಂಡ್‌ಮೈಪಾಸ್ಟ್. ಕನ್ನಡ ನಾಡಿನ ಒಕ್ಕಲು ಮನೆಗಳಿಗೆ ಪಹಣಿ, ಮ್ಯುಟೇಶನ್ ಮತ್ತು ಹೆಳವರು. ಬರೆದಿಡಲು ಸ್ವಂತ ಕಂಪ್ಯೂಟರ್. ಡಿಎನ್‌ಎ ಕೊನೆಗೆ, ಅದೂ ಮನೆಯವರನ್ನು ಕೇಳಿ. ಬದುಕಿರುವ ಯಾರ ಹೆಸರನ್ನೂ ಅವರ ಒಪ್ಪಿಗೆಯಿಲ್ಲದೆ ತೆರೆದ ಮರಕ್ಕೆ ಏರಿಸಬಾರದು. ಸರ್ಕಾರ ಮಾಡಬೇಕಾದದ್ದೂ ಇದೆ: ಸ್ಕ್ಯಾನ್ ಆಗುತ್ತಿರುವ ಕಂದಾಯ ಕಡತಗಳಲ್ಲಿ ತುಂಬ ಹಳೆಯವನ್ನು, ಹೆಸರಿದ್ದವರೆಲ್ಲ ತೀರಿಹೋಗಿರುವಷ್ಟು ಹಳೆಯವನ್ನು, ಕನ್ನಡದಲ್ಲೇ ಹುಡುಕುವಂತೆ ಸಾರ್ವಜನಿಕರಿಗೆ ತೆರೆಯಬೇಕು. ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಶಿಗ್ಗಾವಿ ಬಳಿಯ ಜಾನಪದ ವಿಶ್ವವಿದ್ಯಾಲಯಗಳು ಹೆಳವರ ಪುಸ್ತಕಗಳನ್ನು ಅವರ ಒಪ್ಪಿಗೆ ಪಡೆದು, ಅವರಿಗೆ ತಕ್ಕ ಸಂಭಾವನೆ ಕೊಟ್ಟು, ಹಕ್ಕನ್ನು ಅವರಲ್ಲೇ ಉಳಿಸಿ ಚಿತ್ರೀಕರಿಸಬೇಕು. ಕೋಲಾರದ ಗಣಿಯಂಥ ಕಡೆ ಕೂಲಿಕಾರರ ಮನೆಗಳ ನೆನಪನ್ನು ಧ್ವನಿಮುದ್ರಿಸುವ ಕೆಲಸ ಇನ್ನೂ ತಡವಾಗಬಾರದು. 2001ರಲ್ಲಿ ಗಣಿ ಮುಚ್ಚಿದಾಗ ದುಡಿಯುತ್ತಿದ್ದವರೇ ಈಗ ಮುದುಕರಾಗುತ್ತಿದ್ದಾರೆ.

ಓದುಗರಲ್ಲಿ ಒಂದು ಕೋರಿಕೆ. ಯಾವ ತಾಣಕ್ಕೂ ಚಂದಾ ಕಟ್ಟುವ ಮೊದಲು ಮನೆಯ ಹಿರಿಯರ ಪಕ್ಕದಲ್ಲಿ ನೋಟ್‌ಬುಕ್ ಹಿಡಿದು ಕುಳಿತುಕೊಳ್ಳಿ. ಗಂಡಸರ ಹೆಸರು ಹೇಗೂ ಯಾವುದೋ ಕಡತದಲ್ಲಿ ಸಿಕ್ಕೀತು. ಅಜ್ಜಿ, ಮುತ್ತಜ್ಜಿಯರ ಹೆಸರು, ಅವರ ತವರೂರು, ಅವರ ಅಕ್ಕತಂಗಿಯರು ಯಾವ ಯಾವ ಊರಿಗೆ ಹೋದರು ಎಂಬುದನ್ನು ಮೊದಲು ಬರೆದುಕೊಳ್ಳಿ.